ಪಾಸಿಂಗ್ ಬೇಗ ಆಯ್ತು, ರಸೀದಿ ಕೇಳಿದ ಮೇಲೆ ಬಂತು

ಗೋಕಾಕದಲ್ಲಿ ಹೊಸ ಟ್ರ್ಯಾಕ್ಟರ್, ಜೊತೆಗೊಂದು ಟ್ರೇಲರ್ ಪಾಸಿಂಗ್ (ಆರ್‌ಟಿಒದಲ್ಲಿ ನೋಂದಣಿ) ಮಾಡಿಸಿಕೊಟ್ಟ ಏಜೆಂಟರ ಬಗ್ಗೆ ಈ ನಾಲ್ಕು ಮಾತು. ಅಂಗಡಿ ಹೆಸರು ಬೇಡ, ಇಂಥವು ನಮ್ಮ ಕಡೆ ಬೇಕಾದಷ್ಟಿವೆ.

ಕೆಲಸದಲ್ಲಿ ಹುಡುಗ ಚುರುಕು. ಚಾಸಿ ನಂಬರಿನ ಮೇಲಿನ ಗ್ರೀಸ್ ಬಟ್ಟೆಯಿಂದ ಒರೆಸಿ, ಹಾಳೆ ಇಟ್ಟು, ಪೆನ್ಸಿಲ್ ಉಜ್ಜಿ ಅಚ್ಚು ತೆಗೆದ. ಒಂದು ಅಂಕಿ ಮಸುಕಾಗಿದ್ದಕ್ಕೆ ಮತ್ತೊಮ್ಮೆ ತೆಗೆದ. ಟ್ರೇಲರಿಗೆ ಬೇರೆ ನಂಬರ್ ಬರುತ್ತದೆ ಎಂದು ಮೊದಲೇ ತಿಳಿಸಿದ್ದೂ ಒಳ್ಳೆಯದಾಯ್ತು. ಕೆಎ-49 ಪ್ಲೇಟ್ ಬರಲು ಪದೇ ಪದೇ ಫೋನ್ ಮಾಡಬೇಕಾಗಲಿಲ್ಲ.

ಬಿಲ್ ಮಾತ್ರ ಸರಿಯಿಲ್ಲ. 'ಆರ್‌ಟಿಒ ಖರ್ಚು' ಎಂದು ಒಂದೇ ಸಾಲು. ಅದರಲ್ಲಿ ಸರ್ಕಾರಕ್ಕೆ ಹೋದದ್ದೆಷ್ಟು, ಇವರ ಕೂಲಿ ಎಷ್ಟು? ಸರ್ಕಾರಿ ರಸೀದಿ ಬೇಕೇಬೇಕು ಎಂದು ಕೂತ ಮೇಲೆ ಪ್ರಿಂಟ್ ಕೊಟ್ಟರು. ನೋಡಿದರೆ ಒಕ್ಕಲುತನದ ಗಾಡಿಗೆ ರಿಯಾಯಿತಿ ಸಿಕ್ಕು ಉಳಿದದ್ದರಲ್ಲಿ ಒಂದು ಪಾಲು ಇವರ ಕೂಲಿಗೇ ಹೋಗಿದೆ. ಖಜಾನೆ ಬಿಟ್ಟುಕೊಟ್ಟ ಹಣ ಪೂರ್ತಿ ರೈತನಿಗೇ ಬರುತ್ತದೆ ಎಂದುಕೊಂಡವರು ಆ ಎರಡು ಕಾಗದ ಪಕ್ಕಪಕ್ಕ ಇಟ್ಟು ನೋಡಬೇಕು.

ಇನ್ನೊಂದು ಸಂಗತಿ. ನನ್ನ ಪಕ್ಕ ಕೂತಿದ್ದವರು ಸೀಸನ್ ಪೂರ್ತಿ ಫ್ಯಾಕ್ಟರಿಗೆ ಬಾಡಿಗೆ ಕಬ್ಬು ಹೊಡೆಯುವವರು. ಏಜೆಂಟರು ಅವರನ್ನು ಕೇಳಿದ್ದು ಹೊಲದ ಉತಾರದ (ಪಹಣಿ) ಬಗ್ಗೆ ಒಂದೇ ಪ್ರಶ್ನೆ: "ಉತಾರ ಐತಿಲ್ರಿ? ಮುಗೀತು, ನಿಮ್ದೂ ಒಕ್ಕಲುತನದ್ದ ಮಾಡೂಣು." ಗಾಡಿ ಏನು ಕೆಲಸಕ್ಕೆ ಎಂದು ಕೇಳಲೇ ಇಲ್ಲ. ಬಾಡಿಗೆಗೆ ಹೊಡೆದರೆ ಅದು ಸಾಗಾಣಿಕೆ ಗಾಡಿ; ಹಳದಿ ಪ್ಲೇಟ್, ಮೊದಲ 8 ವರ್ಷ 2 ವರ್ಷಕ್ಕೊಮ್ಮೆ ಫಿಟ್‌ನೆಸ್, ಆಮೇಲೆ ವರ್ಷವರ್ಷ. ಅದೆಲ್ಲ ತಪ್ಪಿದರೆ ಸರ್ಕಾರಕ್ಕೆ ಬರುವ ತೆರಿಗೆಯೂ ತಪ್ಪಿತು. ನಾಳೆ ಅಪಘಾತವಾದರೆ ಇನ್ಶೂರೆನ್ಸ್‌ನವರು ತಕರಾರು ತೆಗೆಯುವುದು ಅವರ ಮೇಲೆಯೇ.

ರಿಯಾಯಿತಿಯೇ ಬೇಡ ಎನ್ನುವವನಲ್ಲ ನಾನು. ಡೀಸೆಲ್ ಮೇಲೆ ರಾಜ್ಯದ ಮಾರಾಟ ತೆರಿಗೆ 2025ರ ಏಪ್ರಿಲ್‌ನಿಂದ 21.17 ಶೇಕಡಾ. ಹೊಲದಲ್ಲಿ ರೆಂಟೆ (ನೇಗಿಲು) ಹೊಡೆಯುವಾಗಲೂ ಅದನ್ನು ಕಟ್ಟುತ್ತೇವೆ, ಆಗ ಸರ್ಕಾರದ ರಸ್ತೆ ಎಲ್ಲಿ ಸವೆಯಿತು? ನೋಂದಣಿಯಲ್ಲಿ ಬಿಟ್ಟದ್ದನ್ನು ಹೀಗೆ ಲೀಟರ್ ಲೆಕ್ಕದಲ್ಲಿ ವಸೂಲಿ ಮಾಡುತ್ತಲೇ ಇದ್ದಾರೆ. ಟ್ರ್ಯಾಕ್ಟರ್ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 12ರಿಂದ 5 ಶೇಕಡಾಕ್ಕೆ ಇಳಿಯಿತು. ತೆರಿಗೆ ಬಿಟ್ಟು 8 ಲಕ್ಷದ ಗಾಡಿಗೆ 96 ಸಾವಿರ ಇದ್ದದ್ದು 40 ಸಾವಿರ. ಕಡಿಮೆಯಾದ 56 ಸಾವಿರದಲ್ಲಿ ಅರ್ಧ ರಾಜ್ಯದ ಪಾಲು. ಅಂದರೆ ಒಂದು ಗಾಡಿಗೆ ರಾಜ್ಯ 28 ಸಾವಿರ ಬಿಟ್ಟಿತು, ಆದರೆ ಅದು ನೇರ ಬೆಲೆಯಲ್ಲೇ ಇಳಿಯುವುದರಿಂದ ಏಜೆಂಟರ ಕೈಗೆ ಸಿಗುವುದಿಲ್ಲ. ನನ್ನ ಕೇಳಿದರೆ ಈ ದಾರಿಯೇ ವಾಸಿ.

ಬಾಡಿಗೆ ಗಾಡಿ ಗುರುತಿಸುವುದೂ ಕಷ್ಟವಲ್ಲ. ಫ್ಯಾಕ್ಟರಿಯ ತೂಕದ ಚೀಟಿಯಲ್ಲಿ ಗಾಡಿ ನಂಬರ್, ಕಬ್ಬು ಬೆಳೆದವನ ಹೆಸರು ಎರಡೂ ಇರುತ್ತವೆ. ಒಂದೇ ನಂಬರಿನ ಗಾಡಿ ಹತ್ತಾರು ರೈತರ ಕಬ್ಬು ತಂದಿದ್ದರೆ ಮತ್ತೇನು ವಿಚಾರಿಸಬೇಕು? ಎರಡೆರಡು ಟ್ರೇಲರ್ ಎಳೆದು ನಮ್ಮೂರ ರಸ್ತೆ ಕಿತ್ತು ಹಾಕುವುದೂ ಅವೇ ಗಾಡಿಗಳು.

ಅಂಗಡಿಗೆ 5ಕ್ಕೆ 3 ಕೊಡುತ್ತೇನೆ. ಹೋಗುವವರು ದುಡ್ಡು ಕೊಡುವ ಮೊದಲೇ ಸರ್ಕಾರಿ ಫೀ ಬೇರೆ, ಕೂಲಿ ಬೇರೆ ಬರೆಸಿಕೊಳ್ಳಿ.