ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ದುಡ್ಡು ಕಟ್ಟುವ ಮುಂಚೆ ಇದನ್ನು ಓದಿ

ಮೈಸೂರಿನಲ್ಲಿ ಸ್ಪೋಕನ್ ಇಂಗ್ಲಿಷ್ ಕ್ಲಾಸ್ ಹುಡುಕುತ್ತಿದ್ದೀರಾ? ಫ್ರೇಸ್‌ಗಳ ಪಟ್ಟಿ ಕೊಟ್ಟು ಬಾಯಿಪಾಠ ಮಾಡಿಸುವ ಕಡೆ ದಯವಿಟ್ಟು ಸೇರಬೇಡಿ. ದುಡ್ಡು ಹೋಗುವುದು ಒಂದು ಕಡೆ ಇರಲಿ, ಅಲ್ಲಿ ಕಲಿತದ್ದೇ ಬೇಕಾದ ಹೊತ್ತಿನಲ್ಲಿ ಕೈ ಕೊಡುತ್ತದೆ.

ನನ್ನ ಅಕ್ಕನ ಮಗ ಪಾಂಡವಪುರದ ಕಡೆಯವನು. ಬಿ.ಕಾಂ. ಮುಗಿಸಿ ಗೋಕುಲಂನ ಒಂದು ಹೋಮ್‌ಸ್ಟೇಯಲ್ಲಿ ಕೆಲಸಕ್ಕೆ ಸೇರಿದ. ಅಲ್ಲಿಗೆ ಯೋಗ ಕಲಿಯಲು ಬರುವ ಹೊರದೇಶದವರೇ ಜಾಸ್ತಿ. ಹುಡುಗನ ಇಂಗ್ಲಿಷ್ ಸುಧಾರಿಸಲಿ ಅಂತ ಭಾವ, ಕಬ್ಬಿನ ದುಡ್ಡು ಕೈಗೆ ಬಂದ ಕೂಡಲೇ 9,000 ರೂಪಾಯಿ ಫೀಸು ಕಟ್ಟಿದರು. ಡೆಮೊ ದಿನ ಬಂದ ಮೇಷ್ಟ್ರು ಎಲ್ಲರನ್ನೂ ಚೆನ್ನಾಗಿ ಮಾತಾಡಿಸಿದ್ದರಂತೆ. ಫೀಸು ಕಟ್ಟಿದ ಮೇಲೆ ಅವರ ಪತ್ತೆಯೇ ಇಲ್ಲ. ಬೇರೊಬ್ಬರು ಬಂದು ಜೆರಾಕ್ಸ್ ಪುಸ್ತಕ ಹಂಚಿದರು. ದಿನಾ ಒಂದು ಪುಟ ಓದಿ ಒಪ್ಪಿಸುವುದು, ಮನೆಗೆ ಹೋಗುವುದು. ಅಷ್ಟೇ ಕ್ಲಾಸ್.

ಆ ಪುಸ್ತಕ ನಾನೇ ನೋಡಿದೆ. ಎಡಗಡೆ ಇಂಗ್ಲಿಷ್ ಫ್ರೇಸ್, ಬಲಗಡೆ ಕನ್ನಡದಲ್ಲಿ ಒಂದು ಪದ. ‘ಕಿಕ್ ದ ಬಕೆಟ್’ ಎದುರು ‘ಸಾಯುವುದು’ ಅಂತಿದೆ. ಅದು ಹಗುರವಾಗಿ, ತಮಾಷೆಗೆ ಆಡುವ ಮಾತು ಅಂತ ಎಲ್ಲೂ ಬರೆದಿಲ್ಲ. ನಮ್ಮಲ್ಲೂ ‘ಗೊಟಕ್ ಅಂದ’ ಅಂತೀವಲ್ಲ, ಅದನ್ನು ಸಾವಾದ ಮನೆಯವರ ಮುಂದೆ ಅಂತೀವಾ?

ಹೋಮ್‌ಸ್ಟೇಯಲ್ಲಿದ್ದ ಒಬ್ಬ ಹೆಂಗಸಿಗೆ ಅಜ್ಜ ತೀರಿಕೊಂಡರು ಅಂತ ಊರಿಂದ ಫೋನ್ ಬಂತು. ಇವನು ಕೈಮುಗಿದು, ‘ಸಾರಿ ಮೇಡಂ, ಯುವರ್ ಗ್ರ್ಯಾಂಡ್‌ಫಾದರ್ ಕಿಕ್ಡ್ ದ ಬಕೆಟ್’ ಅಂದುಬಿಟ್ಟ. ಆಕೆ ಇವನ ಮುಖವನ್ನೇ ನೋಡಿ, ಒಂದು ಮಾತೂ ಆಡದೆ ಮೆಟ್ಟಿಲು ಹತ್ತಿ ಹೋದರು. ಸಂಜೆ ಓನರ್ ಕರೆದು ಬೈದಾಗಲೂ ಅವನಿಗೆ ಏನು ತಪ್ಪಾಯಿತು ಅಂತ ಗೊತ್ತಾಗಲಿಲ್ಲ. ಇಂಥ ಹೊತ್ತಲ್ಲಿ ಹೇಳುವ ‘ಐ ಆಮ್ ಸೋ ಸಾರಿ ಫಾರ್ ಯುವರ್ ಲಾಸ್’ ಆ ಪುಸ್ತಕದಲ್ಲೇ ಇಲ್ಲ! ಜೋರು ಮಳೆ ಅನ್ನಲು ಈಗ ಅಷ್ಟಾಗಿ ಯಾರೂ ಬಳಸದ ‘ರೇನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್’ ಮಾತ್ರ ಮೊದಲನೇ ಪುಟದಲ್ಲೇ ಇದೆ.

ದಿನಾ ಬೇಕಾಗುವುದು ಸಣ್ಣ ಸಣ್ಣ ಮಾತುಗಳು. ‘ಡು ಯು ಮೈಂಡ್ ಇಫ್ ಐ ಸಿಟ್ ಹಿಯರ್?’ ಅಂತ ಯಾರಾದರೂ ಕೇಳಿದಾಗ ‘ಯೆಸ್’ ಅಂದರೆ, ನೀವು ಕೂತರೆ ನನಗೆ ತೊಂದರೆ ಅಂತಾಗುತ್ತದೆ. ‘ನಾಟ್ ಅಟ್ ಆಲ್’ ಅನ್ನಬೇಕು. ‘ಐ ಆಮ್ ಅಫ್ರೇಡ್ ದ ರೂಮ್ ಈಸ್ ನಾಟ್ ರೆಡಿ’ ಅನ್ನುವಲ್ಲಿ ಹೆದರಿಕೆ ಏನೂ ಇಲ್ಲ, ಬೇಸರದ ಸುದ್ದಿಯನ್ನು ಮರ್ಯಾದೆಯಿಂದ ಹೇಳುವ ರೀತಿ ಅದು. ಕಾಲೇಜು ಮುಗಿಸಿದೆ ಅನ್ನಲು ನಾವು ‘ಪಾಸ್ಡ್ ಔಟ್’ ಅಂತೀವಿ. ಬ್ರಿಟನ್, ಅಮೆರಿಕದವರಿಗೆ ಅದು ಎಚ್ಚರ ತಪ್ಪಿ ಬಿದ್ದೆ ಅಂತ ಕೇಳಿಸುತ್ತದೆ. ಇದೆಲ್ಲ ಎದುರುಬದುರು ಕೂತು ಮಾತಾಡಿಸಿದರೆ ಮಾತ್ರ ಬರುವುದು, ಅಲ್ವಾ?

ಡೆಮೊಗೆ ಹೋದಾಗ, ಪೂರ್ತಿ ಕೋರ್ಸ್ ಪಾಠ ಮಾಡುವವರು ಇವರೇನಾ ಅಂತ ನೇರವಾಗಿ ಕೇಳಿ. ಒಂದು ಫ್ರೇಸ್ ಹೇಳಿ, ‘ಇದನ್ನು ಯಾರ ಮುಂದೆ ಹೇಳಬಾರದು ಸರ್?’ ಅಂತಲೂ ಕೇಳಿ. ಉತ್ತರ ಬರದಿದ್ದರೆ ಎದ್ದು ಬನ್ನಿ. ಅನುಮಾನ ಬಂದ ಮಾತನ್ನು ಕೇಂಬ್ರಿಡ್ಜ್ ಡಿಕ್ಷನರಿಯಲ್ಲಿ ಹುಡುಕಿದರೆ, ಪಕ್ಕದಲ್ಲೇ ‘ಇನ್‌ಫಾರ್ಮಲ್’, ‘ಓಲ್ಡ್ ಫ್ಯಾಷನ್ಡ್’ ಅಂತ ಗುರುತು ಹಾಕಿರುತ್ತಾರೆ. ಮೊಬೈಲಿನಲ್ಲೇ ಸಿಗುತ್ತದೆ, ದುಡ್ಡು ಕೊಡಬೇಕಿಲ್ಲ. ಬಿಬಿಸಿ ಲರ್ನಿಂಗ್ ಇಂಗ್ಲಿಷ್‌ನ ಪಾಠಗಳೂ ಪುಕ್ಕಟೆ.

ನಮ್ಮ ಫೀಸು ವಾಪಸ್ ಕೇಳಿದ್ದಕ್ಕೆ ‘ರಸೀದಿ ಹಿಂದೆ ಬರೆದಿದೆ ನೋಡಿ, ವಾಪಸ್ ಇಲ್ಲ’ ಅಂದರು. ರಸೀದಿ, ಪಾಂಪ್ಲೆಟ್ ಎರಡನ್ನೂ ಎತ್ತಿಟ್ಟಿದ್ದೇವೆ. ನೀವೂ ಎತ್ತಿಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಬಹುದು. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು, ತೊಂದರೆ ಆದ ದಿನದಿಂದ 2 ವರ್ಷದೊಳಗೆ. ಕಟ್ಟಿದ ಮೊತ್ತ 5 ಲಕ್ಷದೊಳಗಿದ್ದರೆ ಅಲ್ಲಿ ದೂರಿನ ಶುಲ್ಕ ಇಲ್ಲ. ಭಾವ 1915ಕ್ಕೆ ದೂರು ಕೊಟ್ಟಾಗಿದೆ. ಕ್ಲಾಸಿನವರಿಂದ ಇನ್ನೂ ಉತ್ತರ ಬಂದಿಲ್ಲ.