ಕಾಲಂ ಹೆಸರು ವೇರಿಯಬಲ್‌ನಲ್ಲಿದ್ದರೆ ನನಗೆ ಕರ್ಸರ್ರೇ ಸರಿ

ಹೋಬಳಿ ನಕ್ಷೆಯ ಟೇಬಲ್‌ನಲ್ಲಿ ತಿಂಗಳಿಗೊಂದರಂತೆ 12 ಮಳೆ ಕಾಲಂಗಳಿದ್ದವು, ರೇನ್_01ರಿಂದ ರೇನ್_12ರವರೆಗೆ. ವರ್ಷದ ಮಳೆಯಲ್ಲಿ ಪ್ರತಿ ತಿಂಗಳ ಪಾಲು ಶೇಕಡಾ ಎಷ್ಟು ಅಂತ ಬೇಕಿತ್ತು. ಒಂದೇ ಸೂತ್ರವನ್ನು 12 ಸಲ ಯಾಕೆ ಬರೆಯಬೇಕು ಅಂತ ಲೂಪ್ ಹಾಕಿ, ಕಾಲಂ ಹೆಸರನ್ನು ವೇರಿಯಬಲ್‌ನಲ್ಲಿಟ್ಟೆ. ಮೂರು ದಾರಿ ನೋಡಿದೆ. ಆರ್ಕ್‌ಪೈ ಅಂದರೆ ಆರ್ಕ್‌ಜಿಐಎಸ್ ಅನ್ನೋ ನಕ್ಷೆ ಸಾಫ್ಟ್‌ವೇರ್‌ನ ಪೈಥಾನ್ ಲೈಬ್ರರಿ. ಅದರಲ್ಲಿ ಟೇಬಲ್‌ನ ಸಾಲುಗಳನ್ನು ಒಂದೊಂದಾಗಿ ಓದಿ ತಿದ್ದುವ ಅಪ್‌ಡೇಟ್ ಕರ್ಸರ್ ನನಗೆ ತುಂಬಾ ಹಿಡಿಸಿತು.

ಮೊದಲು ಕೈ ಹಾಕಿದ್ದು ಆರ್ಕ್‌ಜಿಐಎಸ್‌ನ ಕ್ಯಾಲ್ಕುಲೇಟ್ ಫೀಲ್ಡ್‌ಗೆ, ಅಂದರೆ ಸೂತ್ರ ಕೊಟ್ಟರೆ ಕಾಲಂ ತುಂಬಿಸುವ ಟೂಲ್‌ಗೆ. ಅರ್ಧ ದಿನ ಹೋಯಿತು. ಇಲ್ಲಿ ಕಾಲಂ ಹೆಸರಿನ ಎರಡೂ ಕಡೆ ಆಶ್ಚರ್ಯಸೂಚಕ ಚಿಹ್ನೆ ಬೇಕು, ಮತ್ತು ಇಡೀ ಸೂತ್ರ ಒಂದು ಸ್ಟ್ರಿಂಗ್. ನನ್ನ ವೇರಿಯಬಲ್ ಹೆಸರು 'ತಿಂಗಳು'. ಸೂತ್ರದೊಳಗೆ !ತಿಂಗಳು! ಅಂತ ಬರೆದುಬಿಟ್ಟೆ. ಟೂಲ್ 'ತಿಂಗಳು' ಅನ್ನೋ ಕಾಲಂ ಹುಡುಕಿತು. ಅದು ಟೇಬಲ್‌ನಲ್ಲಿ ಎಲ್ಲಿರುತ್ತದೆ? ಎರರ್ ಬಂತು.

ಉಲ್ಲೇಖ ಚಿಹ್ನೆಯೊಳಗೆ ಹೋದ ಮೇಲೆ ವೇರಿಯಬಲ್ ಬರೀ ಅಕ್ಷರ, ಅಲ್ವಾ? ಆಶ್ಚರ್ಯಸೂಚಕವನ್ನು ಬೇರೆ ತುಂಡು ಮಾಡಿ, ವೇರಿಯಬಲ್ ಸೇರಿಸಿ, ಮತ್ತೆ ಆಶ್ಚರ್ಯಸೂಚಕ ಅಂಟಿಸಬೇಕು. ಒಂದು ಕಾಲಂ ಇದ್ದರೆ ಪರವಾಗಿಲ್ಲ. ತಿಂಗಳ ಕಾಲಂ, ಒಟ್ಟು ಮಳೆ ಕಾಲಂ, ಜೊತೆಗೆ ಗುಣಿಸೋ 100, ಎಲ್ಲ ಸೇರಿದಾಗ ಯಾವ ಉಲ್ಲೇಖ ಚಿಹ್ನೆ ಎಲ್ಲಿ ಮುಗಿಯಿತು ಅಂತಲೇ ಗೊತ್ತಾಗಲಿಲ್ಲ. ಇದನ್ನೇ ಬಳಸೋರು ಸೂತ್ರವನ್ನು ಟೂಲ್‌ಗೆ ಕೊಡೋ ಮೊದಲು ಪ್ರಿಂಟ್ ಮಾಡಿ ನೋಡಿ. ನನ್ನ ತಪ್ಪು ಕಣ್ಣಿಗೆ ಬಿದ್ದಿದ್ದು ಹಾಗೆಯೇ.

ಎರಡನೇ ದಾರಿ ಕ್ಯೂಜಿಐಎಸ್, ಅದು ಉಚಿತ ನಕ್ಷೆ ಸಾಫ್ಟ್‌ವೇರ್. ಅದರ ಫೀಲ್ಡ್ ಕ್ಯಾಲ್ಕುಲೇಟರ್‌ನಲ್ಲಿ ಜೋಡಿ ಉಲ್ಲೇಖ ಚಿಹ್ನೆ ಅಂದರೆ ಕಾಲಂ, ಒಂಟಿ ಅಂದರೆ ಪಠ್ಯ. ವೇರಿಯಬಲ್ ಸುತ್ತ ಜೋಡಿ ಚಿಹ್ನೆ ಅಂಟಿಸಿದರೆ ಕಾಲಂ ಆಗುವುದಿಲ್ಲ. ಪ್ರಿವ್ಯೂನಲ್ಲಿ ಮಳೆಯ ಅಂಕಿ ಬದಲು ರೇನ್_06 ಅನ್ನೋ ಹೆಸರೇ ಕಾಣಿಸಿತು. ಅದಕ್ಕೆ ಆಟ್ರಿಬ್ಯೂಟ್ ಫಂಕ್ಷನ್ ಇದೆ. ಹೆಸರು ಕೊಟ್ಟರೆ ಆ ಕಾಲಂನಲ್ಲಿರುವ ಬೆಲೆ (ಅಂಕಿ) ತಂದುಕೊಡುತ್ತದೆ.

ಕರ್ಸರ್‌ನಲ್ಲಿ ಈ ಚಿಹ್ನೆಗಳ ಕಾಟವೇ ಇಲ್ಲ. ಕಾಲಂ ಹೆಸರುಗಳ ಪಟ್ಟಿ ಕೊಡಿ, ಅದೇ ಕ್ರಮದಲ್ಲಿ ಬೆಲೆಗಳು ಬರುತ್ತವೆ. ಉಳಿದದ್ದು ಮಾಮೂಲಿ ಪೈಥಾನ್. ಒಟ್ಟು ಮಳೆ ಖಾಲಿಯೋ ಸೊನ್ನೆಯೋ ಆಗಿದ್ದರೆ ಒಂದು ಇಫ್ ಹಾಕಿ ದಾಟಬಹುದು. ಬದಲಾದ ಸಾಲನ್ನು ಟೇಬಲ್‌ಗೆ ಬರೆಯುವ ಅಪ್‌ಡೇಟ್‌ರೋ ಮಾತ್ರ ಮರೆಯಬೇಡಿ. ಮರೆತರೆ ಎರರ್ ಬರಲ್ಲ, ಟೇಬಲ್‌ನಲ್ಲಿ ಏನೂ ಬದಲಾಗಿರಲ್ಲ.

ಒಂದೇ ಕಾಲಂ, ಒಂದೇ ಸಲದ ಲೆಕ್ಕವಾದರೆ ಕ್ಯಾಲ್ಕುಲೇಟ್ ಫೀಲ್ಡ್ ಸಾಕು. ನಾನು ಹಳೆ ಸ್ಕ್ರಿಪ್ಟ್‌ಗಳನ್ನು ಪ್ರತಿ ಮಳೆಗಾಲ ಮುಗಿದ ಮೇಲೆ ಮತ್ತೆ ತೆರೆಯುವವಳು. ಓದಿದ ಕೂಡಲೇ ಅರ್ಥವಾಗಬೇಕು. ಆರ್ಕ್‌ಜಿಐಎಸ್ ಲೈಸೆನ್ಸ್ ಆಫೀಸಿನದು, ಸ್ವಂತಕ್ಕೆ ಕೊಳ್ಳುವಷ್ಟು ದುಡ್ಡು ನನ್ನ ಹತ್ತಿರ ಇಲ್ಲ. ಮನೆಯಲ್ಲಿ ಪೈಕ್ಯೂಜಿಐಎಸ್, ಅಂದರೆ ಕ್ಯೂಜಿಐಎಸ್‌ನ ಪೈಥಾನ್ ಲೈಬ್ರರಿ, ಬಳಸುತ್ತೇನೆ. ಅಲ್ಲೂ ಫೀಚರ್ (ಟೇಬಲ್‌ನ ಒಂದು ಸಾಲು) ಪಕ್ಕದ ಚೌಕ ಕಂಸದೊಳಗೆ ವೇರಿಯಬಲ್ ಹಾಗೇ ಇಟ್ಟರೆ ಬೆಲೆ ಸಿಗುತ್ತದೆ.