ಆಪ್‌ನಲ್ಲಿ ಹೊಲದ ಪಾಲು: ಹಣ ಹಾಕುವವರಿಗೆ ಮೂರು ಸ್ಟಾರ್, ಉಳುವವರಿಗೆ ಸೊನ್ನೆ

ಮೊದಲೇ ಹೇಳಿಬಿಡುತ್ತೇನೆ, ಆಪ್ ಚೆನ್ನಾಗಿದೆ. ಫೋನಿನಲ್ಲಿ ಬೇಗ ತೆರೆದುಕೊಳ್ಳುತ್ತದೆ. ಸುಮ್ನೆ ನೋಟಿಫಿಕೇಶನ್ ಕಳಿಸಿ ಪ್ರಾಣ ತಿನ್ನುವುದಿಲ್ಲ. ನನ್ನ ತಕರಾರು ಇರುವುದು ಅದು ಮಾರುವ ಸರಕಿನ ಬಗ್ಗೆ. ಅಮೆರಿಕದ ಹೊಲಗಳನ್ನು ಪಾಲು ಪಾಲು ಮಾಡಿ, ಆ ಮಣ್ಣನ್ನು ಎಂದೂ ತುಳಿಯದವರಿಗೆ ಮಾರುವ ಸೇವೆ ಇದು. ಕಂಪನಿಯ ಹೆಸರು ಹಾಕುವುದಿಲ್ಲ. ಇಂಥವು ಈಗ ಹಲವು ಇವೆ, ಒಳಗಿನ ಲೆಕ್ಕ ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ.

ವ್ಯವಹಾರ ಹೀಗೆ ನಡೆಯುತ್ತದೆ. ಕಂಪನಿಯವರು ಒಂದು ಹೊಲ ಹುಡುಕುತ್ತಾರೆ, ಆ ಹೊಲಕ್ಕೆ ಅಂತಲೇ ಒಂದು ಸಣ್ಣ ಕಂಪನಿ ಹುಟ್ಟುಹಾಕುತ್ತಾರೆ, ನೀವು ಕೊಳ್ಳುವುದು ಆ ಸಣ್ಣ ಕಂಪನಿಯ ಪಾಲು. ಹೊಲವನ್ನು ಯಾರೋ ಒಬ್ಬ ರೈತರಿಗೆ ಗೇಣಿಗೆ ಕೊಡುತ್ತಾರೆ. ವರ್ಷ ವರ್ಷ ಗೇಣಿಯಲ್ಲಿ ನಿಮ್ಮ ಪಾಲು ಬರುತ್ತದೆ, ಐದೋ ಹತ್ತೋ ವರ್ಷವಾದ ಮೇಲೆ ಹೊಲ ಮಾರಿದಾಗ ಲಾಭದಲ್ಲಿ ಪಾಲು. ಆದರೆ ಎಲ್ಲರಿಗೂ ಬಾಗಿಲು ತೆರೆದಿಲ್ಲ. ಇಂಥ ಪಾಲುಗಳನ್ನು ಹೆಚ್ಚಾಗಿ ಅಲ್ಲಿನ ಕಾನೂನು ಒಪ್ಪಿದ ಸ್ಥಿತಿವಂತ ಹೂಡಿಕೆದಾರರಿಗೆ ಮಾತ್ರ ಮಾರುತ್ತಾರೆ. ಅಂದರೆ ವರ್ಷಕ್ಕೆ 2 ಲಕ್ಷ ಡಾಲರ್ ದಾಟಿದ ಆದಾಯ ಇರಬೇಕು, ಇಲ್ಲವೇ ವಾಸದ ಮನೆ ಬಿಟ್ಟು 10 ಲಕ್ಷ ಡಾಲರ್ ದಾಟಿದ ಆಸ್ತಿ ಇರಬೇಕು. ಅಷ್ಟು ಇಲ್ಲದವರಿಗೆ ಷೇರು ಪೇಟೆಯಲ್ಲೇ ಬೇರೆ ದಾರಿ ಇದೆ. ಗ್ಲ್ಯಾಡ್‌ಸ್ಟೋನ್ ಲ್ಯಾಂಡ್ 2013ರಲ್ಲಿ, ಫಾರ್ಮ್‌ಲ್ಯಾಂಡ್ ಪಾರ್ಟ್ನರ್ಸ್ 2014ರಲ್ಲಿ ಪೇಟೆಗೆ ಬಂದವು. ಎರಡರ ಕಸುಬೂ ಹೊಲ ಕೊಂಡು ಗೇಣಿಗೆ ಬಿಡುವುದೇ.

ಮೆಚ್ಚಬೇಕಾದದ್ದನ್ನು ಮೆಚ್ಚಬೇಕು. ಪ್ರತಿ ಹೊಲಕ್ಕೂ ಮಣ್ಣಿನ ನಕ್ಷೆ, ಮಳೆಯ ಲೆಕ್ಕ, ನೀರಿನ ಹಕ್ಕಿನ ಕಾಗದ, ಹಿಂದಿನ ವರ್ಷಗಳ ಇಳುವರಿ, ಎಲ್ಲ ಕೊಟ್ಟಿದ್ದಾರೆ. ಮಣ್ಣಿನ ನಕ್ಷೆಯನ್ನಂತೂ ನೋಡುತ್ತಾ ಕೂತರೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ. ಪ್ರಶ್ನೆ ಕಳಿಸಿದರೆ ಗ್ರಾಹಕ ಸೇವೆಯವರು ಬೇಗ ಉತ್ತರಿಸುತ್ತಾರೆ. ಗೇಣಿದಾರರ ಬಗ್ಗೆ ಮಾತ್ರ 'ಅನುಭವಿ ಸ್ಥಳೀಯ ರೈತರು' ಅನ್ನುವ ಒಂದೇ ಸಾಲು. ಮಣ್ಣಿನ ಬಗ್ಗೆ ಇಪ್ಪತ್ತು ಪುಟ, ಆ ಮಣ್ಣಿನಲ್ಲಿ ದುಡಿಯುವವರ ಬಗ್ಗೆ ಒಂದು ಸಾಲು.

ಈಗ ಲೆಕ್ಕಕ್ಕೆ ಬರೋಣ. ವರ್ಷಕ್ಕೆ ಶೇ 8ರ ಸುತ್ತಮುತ್ತ ಗಳಿಕೆ ನಿರೀಕ್ಷಿಸಬಹುದು ಅಂತ ಆಪ್ ಹೇಳುತ್ತದೆ. ಎಲ್ಲಿಂದ? ಅಮೆರಿಕದ ಕೃಷಿ ಇಲಾಖೆಯ ಪ್ರಕಾರ 2024ರಲ್ಲಿ ಬೆಳೆ ತೆಗೆಯುವ ಭೂಮಿಯ ಸರಾಸರಿ ಬೆಲೆ ಎಕರೆಗೆ 5,570 ಡಾಲರ್, ಸರಾಸರಿ ಗೇಣಿ ಎಕರೆಗೆ 160 ಡಾಲರ್. ಅಂದರೆ ಗೇಣಿಯಿಂದ ಹುಟ್ಟುವುದು ಶೇ 3ಕ್ಕೂ ಕಡಿಮೆ. ಅದರಲ್ಲೇ ಭೂಮಿಯ ತೆರಿಗೆ, ವಿಮೆ, ಮೇಲೆ ಆಪ್‌ನವರ ವಾರ್ಷಿಕ ಶುಲ್ಕ. ಕೈಗೆ ಉಳಿಯುವುದು ಬ್ಯಾಂಕಿನ ಉಳಿತಾಯ ಖಾತೆಗೂ ನಾಚಿಕೆಯಾಗುವಷ್ಟು. ಉಳಿದದ್ದೆಲ್ಲ ಬರಬೇಕಾದದ್ದು ನಿಮಗಿಂತ ಜಾಸ್ತಿ ಬೆಲೆ ಕೊಡುವ ಮುಂದಿನ ಗಿರಾಕಿಯಿಂದ. ಫಸಲಿಗೂ ಆ ಗಳಿಕೆಗೂ ಇರುವ ನಂಟು ಬಹಳ ತೆಳು. ಹೊಲದ ಬೆಲೆ ಏರುತ್ತಲೇ ಇರಬೇಕು, ಇಲ್ಲದಿದ್ದರೆ ಈ ಸರಕಿಗೆ ಅರ್ಥವೇ ಇಲ್ಲ.

ಬೆಲೆ ಏರುತ್ತಲೇ ಇರುತ್ತದೆ ಅಂತ ತೋರಿಸಲು ಒಂದು ಚಂದದ ಗ್ರಾಫ್ ಇದೆ. ಅದು 1990ರ ದಶಕದಿಂದ ಶುರುವಾಗುತ್ತದೆ. ಯಾಕೆ ಅಲ್ಲಿಂದ ಅಂತ ತಿಳಿಯಬೇಕಾದರೆ ಅಯೋವಾ ರಾಜ್ಯದ ಕಡೆ ನೋಡಿ. ಅಲ್ಲಿನ ವಿಶ್ವವಿದ್ಯಾಲಯ ಪ್ರತಿ ವರ್ಷ ಹೊಲದ ಬೆಲೆಯ ಸಮೀಕ್ಷೆ ಮಾಡುತ್ತದೆ. 1981ರಲ್ಲಿ ಎಕರೆಗೆ 2,147 ಡಾಲರ್ ಇದ್ದದ್ದು 1986ಕ್ಕೆ 787 ಡಾಲರ್‌ಗೆ ಇಳಿಯಿತು. 1970ರ ದಶಕದಲ್ಲಿ ಧಾನ್ಯದ ರಫ್ತು ಜೋರಾಗಿತ್ತು, ಬ್ಯಾಂಕಿನವರು ಹೊಲದ ಬೆಲೆ ನೋಡಿ ಕೇಳಿದಷ್ಟು ಸಾಲ ಕೊಟ್ಟರು, ಆಮೇಲೆ ಬಡ್ಡಿ ಗಗನಕ್ಕೇರಿತು, ರಫ್ತು ಕುಸಿಯಿತು, ಸಾಲಕ್ಕೆ ಅಡವಿಟ್ಟ ಹೊಲ ಸಾಲಕ್ಕಿಂತ ಅಗ್ಗವಾಯಿತು, ಸಾವಿರಾರು ಕುಟುಂಬಗಳು ಹರಾಜಿನಲ್ಲಿ ಎಲ್ಲ ಕಳೆದುಕೊಂಡವು. ಬೆಲೆ ಮತ್ತೆ ಹಳೇ ಮಟ್ಟ ಮುಟ್ಟಲು 2000ನೇ ಇಸವಿ ದಾಟಬೇಕಾಯಿತು. ಇದೇ ಅಯೋವಾದಲ್ಲಿ 2022ರಲ್ಲಿ ಎಕರೆಗೆ 11,411 ಡಾಲರ್. ಆಪ್‌ನ ಗ್ರಾಫಿನಲ್ಲಿ ಈ ಎತ್ತರ ಇದೆ, ಆ ಹಳ್ಳ ಇಲ್ಲ. ಇದಕ್ಕೆ ಒಂದು ಸ್ಟಾರ್ ಕಿತ್ತುಕೊಂಡಿದ್ದೇನೆ.

ಇದೇ ಬೆಲೆಯನ್ನು ಉಳುವವರ ಕಡೆಯಿಂದ ನೋಡಿ. ಯಾರೋ ಹುಡುಗಿ ಬೇಸಾಯ ಮಾಡಬೇಕು ಅಂತ ಹೊರಟಿದ್ದಾಳೆ ಅಂದುಕೊಳ್ಳಿ. ಅದೇ 5,570 ಡಾಲರ್ ಕೊಟ್ಟು ಒಂದು ಎಕರೆ ಕೊಳ್ಳಬೇಕು. ಪೂರ್ತಿ ಸಾಲ, ಶೇ 7 ಬಡ್ಡಿ ಅಂತ ಹಿಡಿದರೆ ವರ್ಷಕ್ಕೆ ಬಡ್ಡಿಯೇ 390 ಡಾಲರ್. ಅದೇ ಹೊಲದ ಗೇಣಿ 160. ಹೊಲ ತನ್ನ ಬಡ್ಡಿಯನ್ನು ತಾನೇ ದುಡಿಯಲಾರದು. ಆಪ್‌ನಲ್ಲಿ ಹಣ ಹಾಕುವವರಿಗೆ ಈ ತಲೆನೋವೇ ಇಲ್ಲ. ಅವರಿಗೆ ಸಾಲ ಬೇಡ, ಈ ವರ್ಷದ ಹೊಟ್ಟೆಪಾಡು ಹೊಲದಿಂದ ಆಗಬೇಕಿಲ್ಲ, ಹಣದುಬ್ಬರದಿಂದ ಗಂಟು ಕರಗದಿದ್ದರೆ ಸಾಕು. ಹರಾಜಿನಲ್ಲಿ ಇಬ್ಬರೂ ಒಂದೇ ಸಾಲಿನಲ್ಲಿ ಕೈ ಎತ್ತುತ್ತಾರೆ. ಆದರೆ ಒಬ್ಬಳು ಕೂಗುವುದು ಬದುಕಿನ ಲೆಕ್ಕ ಹಾಕಿ, ಇನ್ನೊಬ್ಬರು ಕೂಗುವುದು ಹಣ ಎಲ್ಲಿಡೋದು ಅಂತ.

ಇಲ್ಲಿ ಒಂದು ಮಾತು ನ್ಯಾಯವಾಗಿ ಹೇಳಬೇಕು. ದೊಡ್ಡ ಹೂಡಿಕೆದಾರರೇ ಎಲ್ಲ ನುಂಗಿದರು ಅನ್ನುವುದು ಪೂರ್ತಿ ನಿಜವಲ್ಲ. ಬಿಲ್ ಗೇಟ್ಸ್ ಅಮೆರಿಕದ ಅತಿ ದೊಡ್ಡ ಖಾಸಗಿ ಕೃಷಿ ಭೂಮಿ ಒಡೆಯ ಅಂತ 2021ರಲ್ಲಿ ದೊಡ್ಡ ಸುದ್ದಿಯಾಯಿತು. ಸುಮಾರು 2.42 ಲಕ್ಷ ಎಕರೆ. ಅಲ್ಲಿನ ಒಟ್ಟು ಕೃಷಿ ಭೂಮಿ 88 ಕೋಟಿ ಎಕರೆ. ಅದರಲ್ಲಿ ಇದು ಶೇ 0.03. ಅಯೋವಾದಲ್ಲಂತೂ ಹೊಲ ಕೊಳ್ಳುವ ಹತ್ತು ಜನರಲ್ಲಿ ಸುಮಾರು ಏಳು ಜನ ಆಸುಪಾಸಿನ ರೈತರೇ. 2014ರ ಸಮೀಕ್ಷೆಯ ಪ್ರಕಾರ ಅಮೆರಿಕದ ಕೃಷಿ ಭೂಮಿಯಲ್ಲಿ ಶೇ 39 ಗೇಣಿಗೆ ಹೋಗಿತ್ತು, ಅದರಲ್ಲಿ ಶೇ 80ರಷ್ಟು ತಾವು ಉಳದವರ ಒಡೆತನದಲ್ಲಿತ್ತು. ಈ ಉಳದ ಒಡೆಯರಲ್ಲೂ ನಿವೃತ್ತ ರೈತರು, ಗಂಡ ಹೋದ ಮೇಲೆ ಹೊಲ ಉಳಿಸಿಕೊಂಡ ಹೆಂಗಸರು, ಪೇಟೆ ಸೇರಿದ ಮಕ್ಕಳು ಬಹಳ ಜನ ಇದ್ದಾರೆ.

ಹಾಗಾದರೆ ಈ ಆಪ್ ಮೇಲೆ ಯಾಕಿಷ್ಟು ಸಿಟ್ಟು? ಎರಡು ಕಾರಣ. ಒಂದು, ಹೊಲ ಮಾರಾಟಕ್ಕೆ ಬರುವುದೇ ಅಪರೂಪ. ಒಂದು ಊರಿನಲ್ಲಿ ವರ್ಷಕ್ಕೆ ಒಂದೆರಡು ಹೊಲ ಮಾರಾಟವಾದರೆ ಜಾಸ್ತಿ. ಅವನ್ನು ಹೊರಗಿನವರು ಮೇಲಿನ ಬೆಲೆಗೆ ಕೊಂಡರೆ, ಮಾರದೇ ಕೂತವರ ಹೊಲಕ್ಕೂ ಅದೇ ಬೆಲೆ ಅಂಟಿಕೊಳ್ಳುತ್ತದೆ. ಹಿಂದೆಯೇ ಗೇಣಿ ಏರುತ್ತದೆ. ಪಾಲು ಹಂಚುವಾಗ ಒಡಹುಟ್ಟಿದವರ ಪಾಲನ್ನು ಕೊಂಡು ಬೇಸಾಯ ಮುಂದುವರಿಸಬೇಕು ಅಂದವರಿಗೆ ಅದೂ ಕೈಗೆಟುಕುವುದಿಲ್ಲ. ಎರಡು, ಇಂಥ ಕಂಪನಿಗಳಿಗೆ ಹತ್ತು ಸಣ್ಣ ಗೇಣಿದಾರರ ಹತ್ತಿರ ಮಾತಾಡುತ್ತಾ ಕೂರಲು ಪುರುಸೊತ್ತಿಲ್ಲ. ದೊಡ್ಡ ಯಂತ್ರ ಇರುವ, ಮುಂಗಡ ಕೊಡುವ ಒಬ್ಬರಿಗೆ ಎಲ್ಲವನ್ನೂ ಕೊಟ್ಟುಬಿಟ್ಟರೆ ಕೆಲಸ ಸಲೀಸು. ಹಾಗಾಗಿ ದೂರದ ದುಡ್ಡು ಪಕ್ಕದ ದೊಡ್ಡ ರೈತರನ್ನು ಇನ್ನೂ ದೊಡ್ಡವರನ್ನಾಗಿ ಮಾಡುತ್ತದೆ. 2022ರ ಕೃಷಿ ಗಣತಿಯಲ್ಲಿ ಅಮೆರಿಕದಲ್ಲಿ ಸುಮಾರು 19 ಲಕ್ಷ ಹಿಡುವಳಿಗಳು ಇದ್ದವು, ಐದು ವರ್ಷದ ಹಿಂದಿಗಿಂತ ಸುಮಾರು 1.4 ಲಕ್ಷ ಕಡಿಮೆ. ರೈತರ ಸರಾಸರಿ ವಯಸ್ಸು 58.1. ಎಲ್ಲಕ್ಕೂ ಭೂಮಿ ಬೆಲೆಯೇ ಕಾರಣ ಅಂತಲ್ಲ. ಆದರೆ ಈ ವಯಸ್ಸಿನವರ ಹೊಲಗಳೆಲ್ಲ ಇನ್ನು ಕೆಲವೇ ವರ್ಷಗಳಲ್ಲಿ ಕೈ ಬದಲಾಗಬೇಕು, ಅಲ್ವಾ? ಆಪ್‌ನವರು ಕಾಯುತ್ತಿರುವುದೂ ಅದಕ್ಕೇ. ಅವರ ಮಾಹಿತಿ ಪತ್ರದಲ್ಲಿ ಇದನ್ನು 'ಅವಕಾಶ' ಅಂತ ದಪ್ಪ ಅಕ್ಷರದಲ್ಲಿ ಹಾಕಿದ್ದಾರೆ.

ಆಪ್ ಹೆಮ್ಮೆಯಿಂದ ತೋರಿಸುವ ಇನ್ನೊಂದು ಸೌಲಭ್ಯ: ರೈತರು ತಮ್ಮ ಹೊಲವನ್ನು ಇವರಿಗೆ ಮಾರಿ, ಅದೇ ಹೊಲವನ್ನು ಗೇಣಿಗೆ ಹಿಡಿಯಬಹುದು. ಸಾಲದ ಕುತ್ತಿಗೆಪಟ್ಟಿ ಬಿಗಿಯಾದವರಿಗೆ ಇದರಿಂದ ಉಸಿರು ಬರುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಒಪ್ಪಂದದ ಮಾದರಿ ಓದಿದೆ. ಮೂರು ವರ್ಷದ ಗೇಣಿ. ಬೆಳೆಗೆ ಒಳ್ಳೇ ಬೆಲೆ ಬಂದ ವರ್ಷ ಒಡೆಯರಿಗೆ ಹೆಚ್ಚುವರಿ ಪಾಲು, ಬೆಲೆ ಬಿದ್ದ ವರ್ಷ ಗೇಣಿಯಲ್ಲಿ ಒಂದು ಡಾಲರೂ ಕಡಿತ ಇಲ್ಲ. ಮೂರು ವರ್ಷಕ್ಕೆ ಬಿಟ್ಟುಕೊಡಬೇಕಾದ ಮಣ್ಣಿಗೆ ಯಾರು ಸುಣ್ಣ ಹಾಕುತ್ತಾರೆ, ಯಾರು ಬಸಿಗಾಲುವೆ ತೋಡುತ್ತಾರೆ, ಯಾರು ಬದುವಿನಲ್ಲಿ ಮರ ನೆಡುತ್ತಾರೆ? ಇದು ರೈತರ ಮೇಲಿನ ಕನಿಕರದ ಪ್ರಶ್ನೆ ಮಾತ್ರ ಅಲ್ಲ. ಹೂಡಿಕೆದಾರರೇ, ಸವೆಯುತ್ತಿರುವುದು ನಿಮ್ಮ ಸರಕು.

ಇಡೀ ಆಪ್‌ನಲ್ಲಿ ನನಗೆ ತುಂಬಾ ಇಷ್ಟವಾದ ಪುಟ ಯಾವುದು ಗೊತ್ತಾ? 'ನಾವು ಎಲ್ಲೆಲ್ಲಿ ಕೊಳ್ಳುವುದಿಲ್ಲ' ಅನ್ನುವ ಪ್ರಶ್ನೋತ್ತರ. ಕಾನೂನು ಎಲ್ಲಿ ಕೆಲಸ ಮಾಡುತ್ತದೆ ಅನ್ನುವುದನ್ನು ಅವರೇ ಪಟ್ಟಿ ಮಾಡಿ ಕೊಟ್ಟ ಹಾಗಿದೆ. ಅಯೋವಾದಲ್ಲಿ 1975ರಿಂದ ಕಂಪನಿಗಳು ಹೊಲ ಕೊಳ್ಳುವುದಕ್ಕೆ ನಿರ್ಬಂಧ ಇದೆ. ಕೆನಡಾದ ಪ್ರಿನ್ಸ್ ಎಡ್ವರ್ಡ್ ದ್ವೀಪದಲ್ಲಿ 1982ರ ಕಾನೂನಿನ ಪ್ರಕಾರ ಒಬ್ಬರಿಗೆ 1,000 ಎಕರೆ, ಕಂಪನಿಗೆ 3,000 ಎಕರೆ ಮಿತಿ. ಅದೇ ದೇಶದ ಸಸ್ಕ್ಯಾಚೆವಾನ್‌ನಲ್ಲಿ ಒಂದು ದೊಡ್ಡ ಪಿಂಚಣಿ ನಿಧಿ ಒಂದೇ ವ್ಯವಹಾರದಲ್ಲಿ ಸುಮಾರು 1.15 ಲಕ್ಷ ಎಕರೆ ಕೊಂಡಿತು; ರೈತರು ಗಲಾಟೆ ಮಾಡಿದರು; 2015ರಲ್ಲಿ ಸರ್ಕಾರ ಪಿಂಚಣಿ ನಿಧಿಗಳಿಗೆ ಬಾಗಿಲು ಹಾಕಿತು. ಎಲ್ಲ ಕಡೆ ಹೀಗೇ ಆಗಿಲ್ಲ. ಅಮೆರಿಕದ ನೆಬ್ರಾಸ್ಕಾ ರಾಜ್ಯದ ಜನ 1982ರಲ್ಲಿ ಮತ ಹಾಕಿ ಕಂಪನಿಗಳನ್ನು ಹೊಲದಿಂದ ದೂರ ಇಟ್ಟಿದ್ದರು, 2006ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು.

ಇದಕ್ಕೆ ಬದಲಿ ಏನಾದರೂ ಇದೆಯಾ ಅಂದರೆ, ಇದೆ. ಫ್ರಾನ್ಸಿನ ತೆರ್ ದ ಲಿಯಾಂ ಅನ್ನುವ ಸಂಸ್ಥೆ ನೋಡಿ, 2003ರಲ್ಲಿ ಶುರುವಾದದ್ದು. ಅಲ್ಲೂ ಜನ ಹಣ ಹಾಕುತ್ತಾರೆ, ಹೊಲ ಕೊಳ್ಳುತ್ತಾರೆ, ರೈತರಿಗೆ ಗೇಣಿಗೆ ಕೊಡುತ್ತಾರೆ. ಆದರೆ ಲಾಭಾಂಶ ಇಲ್ಲ, ಹೊಲವನ್ನು ಮುಂದೆ ಬೆಲೆ ಬಂದಾಗ ಮಾರಿಬಿಡುವ ಉದ್ದೇಶವೂ ಇಲ್ಲ, ಸಾವಯವ ಬೇಸಾಯ ಮಾಡುವವರಿಗೆ ದೀರ್ಘಾವಧಿಗೆ ಕೊಡುತ್ತಾರೆ. ಹೂಡಿಕೆಯಾಗಿ ನೋಡಿದರೆ ಇದು ಕಳಪೆ, ಹಣಕ್ಕೆ ಹಣ ಸೇರುವುದಿಲ್ಲ. ನನ್ನ ಬಡಾಯಿ ಅಲ್ಲ, ಶೇ 2ಕ್ಕೆ ಹೊಲ ಒತ್ತಿಕೊಳ್ಳುವ ಬದಲು ಸೊನ್ನೆಗೆ ಹೊಲ ಉಳಿಸುವುದೇ ನನಗೆ ವಾಸಿ ಅನ್ನಿಸಿತು.

ಆದರೂ ಆಪ್‌ನಲ್ಲೇ ಹಣ ಹಾಕುತ್ತೀರಾ? ಸರಿ. ಗೇಣಿಯ ಅವಧಿ ಎಷ್ಟು ಅಂತ ಕೇಳಿ. ಸುಣ್ಣ, ಕಾಲುವೆಯ ಖರ್ಚು ಯಾರದು ಅಂತ ಕೇಳಿ. ಶುಲ್ಕವೆಲ್ಲ ಕಳೆದು ಬರೀ ಗೇಣಿಯಿಂದ ಎಷ್ಟು ಬರುತ್ತದೆ ಅಂತ ಬರೆದು ಕೊಡಲು ಹೇಳಿ. ನಡುವೆ ಹಣ ಬೇಕಾದರೆ ಪಾಲು ಮಾರುವುದು ಸುಲಭವಲ್ಲ, ಅದನ್ನು ಮರೆಯಬೇಡಿ. ನಾನು ಇನ್ನೊಂದು ಕೇಳಿದೆ: ಹೊಲ ಮಾರುವಾಗ ಅದನ್ನು ಉಳುತ್ತಿರುವ ಗೇಣಿದಾರರಿಗೆ ಮೊದಲು ಕೇಳುತ್ತೀರಾ? ಉತ್ತರ ಅರ್ಧ ಗಂಟೆಯೊಳಗೆ ಬಂತು, ಬಹಳ ನಯವಾಗಿಯೂ ಇತ್ತು. ಹೂಡಿಕೆದಾರರ ಹಿತ ಕಾಯುವುದು ತಮ್ಮ ಕರ್ತವ್ಯ, ಯಾರು ಹೆಚ್ಚು ಕೊಡುತ್ತಾರೋ ಅವರಿಗೇ ಮಾರುತ್ತೇವೆ, ಗೇಣಿದಾರರೂ ಎಲ್ಲರಂತೆ ಬಂದು ಕೂಗಬಹುದು ಅಂತ. ಆಮೇಲೆ ಖಾತೆ ಮುಚ್ಚಲು ಹೋದೆ. ತೆರೆಯಲು ಮೂರು ಬಟನ್ ಒತ್ತಿದ್ದರೆ ಸಾಕಿತ್ತು, ಮುಚ್ಚಲು ಇಮೇಲ್ ಬರೆದು ಕಾರಣ ಕೊಡಬೇಕಂತೆ. ಕಾರಣಕ್ಕೆ ಈ ವಿಮರ್ಶೆಯನ್ನೇ ಅಂಟಿಸಿ ಕಳಿಸಿದ್ದೇನೆ.